ಬದನೆಕಾಯಿ ಬಿಟ್ಟ ಮನೆ

ಬಾಗಲಗುಂಟೆಯ ಪಿಳ್ಳಪ್ಪನವರ ಮನೆಯಿಂದ ಬದನೆಕಾಯಿಯನ್ನು ಗಡೀಪಾರು ಮಾಡಿ ಇಪ್ಪತ್ತೆರಡು ದಿನವಾಗಿತ್ತು. ಅದರ ಹಿಂದೆಯೇ ಕಡಲೆಕಾಯಿ, ಒಣಮೀನು, ಕುಂಬಳಕಾಯಿ, ಕೊನೆಗೆ ಭಾನುವಾರದ ಕೋಳಿಸಾರು ಕೂಡ ಹೋದವು. ಎಲ್ಲವೂ ನಂಜು ಎಂದು ಅತ್ತೆ ಗೌರಮ್ಮ ತೀರ್ಪು ಕೊಟ್ಟಿದ್ದರು. ಇಷ್ಟೆಲ್ಲಾ ಬಿಟ್ಟರೂ ತುರಿಕೆ ಮಾತ್ರ ಮನೆ ಬಿಟ್ಟಿರಲಿಲ್ಲ. ಸೊಸೆ ರಮ್ಯ ದಿನವೂ ಹೆಸರುಬೇಳೆ ಸಾರು ಕುದಿಸುತ್ತಾ, ಬಲಗೈಯಲ್ಲಿ ಸೌಟು ತಿರುಗಿಸಿ, ಎಡಗೈಯ ಮಣಿಕಟ್ಟನ್ನು ಅಡುಗೆಕಟ್ಟೆಯ ಅಂಚಿಗೆ ಉಜ್ಜಿಕೊಳ್ಳುತ್ತಿದ್ದಳು.

ಮನೆಯಲ್ಲಿ ಐದು ಜನ. ಮೇಲಿನ ಎರಡು ಮಹಡಿ ಬಾಡಿಗೆಗೆ, ಕೆಳಗಿನದು ಇವರಿಗೆ. ಮಾವ ಪಿಳ್ಳಪ್ಪ, ಅತ್ತೆ ಗೌರಮ್ಮ, ಹೆಸರಘಟ್ಟ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗಂಡ ಸತೀಶ್, ರಮ್ಯ, ಮತ್ತು ಒಂದನೇ ಕ್ಲಾಸಿನ ಮಗಳು ವೇದಾ. ತುರಿಕೆ ಎಲ್ಲರಿಗಿಂತ ಮೊದಲು ಕಾಣಿಸಿದ್ದು ರಮ್ಯಳಿಗೆ ಮತ್ತು ವೇದಾಳಿಗೆ. ಕಾಣಿಸಿದ್ದು ಎಂದೇ ಹೇಳಬೇಕು. ಮುಚ್ಚಿಟ್ಟುಕೊಂಡವರ ಲೆಕ್ಕ ಆಗ ಯಾರಿಗೂ ಗೊತ್ತಿರಲಿಲ್ಲ.

“ಬ್ಯಾಸ್ಗೇಲಿ ಎಸರುಘಟ್ಟದ ತವರಿಗೋಗಿ ಹತ್ ದಿನ ಇದ್ದು ಬಂದಳಲ್ಲ, ಅಲ್ಲಿಂದ್ಲೇ ತಂದಿರೋದು,” ಎಂದು ಗೌರಮ್ಮ ಮೊದಲ ವಾರವೇ ಪತ್ತೆ ಹಚ್ಚಿಬಿಟ್ಟರು.

“ಟ್ಯಾಂಕರ್ ನೀರು ಕಣಮ್ಮಿ. ಆ ಉಪ್ಪುನೀರ್ಗೆ ಚರ್ಮ ಉಳೀತದಾ?” ಎಂದರು ಪಿಳ್ಳಪ್ಪ.

ಸತೀಶ್ ಸೋಪು ಬದಲಾಯಿಸಿದ. ಅವನ ಮಟ್ಟಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ರಮ್ಯಳಿಗೆ ಬೇರೆ ತಟ್ಟೆ ಬಂತು, ಬೇರೆ ಲೋಟ ಬಂತು. ಅವಳ ಬಟ್ಟೆ ಒಣಹಾಕಲು ಮಹಡಿಯ ಮೇಲೆ ಬೇರೆ ಹಗ್ಗ ಕಟ್ಟಿದರು. ಪೂಜೆಯ ಹೂವು ಕಟ್ಟುವ ಕೆಲಸ ತಪ್ಪಿತು. ಅಡುಗೆ ಮಾತ್ರ ಅವಳದ್ದೇ ಉಳಿಯಿತು. ಮುದ್ದೆ ತೊಳಸಿ ಉಂಡೆ ಕಟ್ಟಲು ಆ ಕೈ ಎಲ್ಲರಿಗೂ ಬೇಕಿತ್ತು, ಆ ಹೊತ್ತಿನಲ್ಲಿ ಅದಕ್ಕೆ ಯಾವ ದೋಷವೂ ಇರಲಿಲ್ಲ. ರಮ್ಯಳಿಗೆ ಇದು ಸಿಟ್ಟು ಬರಿಸುತ್ತಿತ್ತು. ಸಿಟ್ಟು ಬಂದಾಗ ಮೈ ಇನ್ನೂ ಹೆಚ್ಚು ತುರಿಸುತ್ತಿತ್ತು.

ಅವಳೇನೂ ಕೈಕಟ್ಟಿ ಕೂತಿರಲಿಲ್ಲ. ಚರ್ಮದ ಡಾಕ್ಟರ್ ಫಖ್ರುನ್ನೀಸಾ ಅವರ ಬಳಿ ಮಗಳನ್ನು ಕರೆದುಕೊಂಡು ಹೋಗಿದ್ದಳು. ಅವರು ಭೂತಗನ್ನಡಿ ಹಿಡಿದು ವೇದಾಳ ಬೆರಳ ಸಂದಿ, ಸೊಂಟ, ಕಂಕುಳು ಎಲ್ಲಾ ನೋಡಿದರು.

“ಕಜ್ಜಿ ಇದು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಚರ್ಮದೊಳಗೆ ಸುರಂಗ ತೋಡಿ ಮೊಟ್ಟೆ ಇಡುತ್ತೆ. ಅದಕ್ಕೇ ರಾತ್ರಿ ಹೊತ್ತು ಜಾಸ್ತಿ ತುರಿಕೆ. ಮನೇಲಿ ಎಷ್ಟು ಜನ?”

“ಐದು ಜನ ಮೇಡಂ.”

“ಐದೂ ಜನ ಒಂದೇ ರಾತ್ರಿ ಹಚ್ಬೇಕು. ಕತ್ತಿನಿಂದ ಕಾಲ್ಬೆರಳ ತನಕ, ಒಂದು ಇಂಚೂ ಬಿಡ್ದೆ. ಬೆಳಿಗ್ಗೆ ಸ್ನಾನ, ಹಾಸಿಗೆ ಬಟ್ಟೆ ಎಲ್ಲಾ ಬಿಸಿನೀರಿಗೆ. ವಾರ ಬಿಟ್ಟು ಇನ್ನೊಂದ್ಸಲ. ತುರಿಕೆ ಇಲ್ದೋರೂ ಹಚ್ಬೇಕು. ಒಬ್ರು ಬಿಟ್ಟರೂ ಅವರಿಂದ ಎಲ್ರಿಗೂ ವಾಪಸ್ ಬರುತ್ತೆ.”

“ಇದು ಯಾರಿಂದ ಬಂದಿರ್ಬಹುದು ಮೇಡಂ?”

“ಅದನ್ನ ಹುಡುಕ್ಬೇಡಿ. ಯಾರಿಗ್ ಬೇಕಾದ್ರೂ ಬರುತ್ತೆ, ಕೊಳಕಿಂದ ಬರೋದಲ್ಲ. ತಿನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಮೆಡಿಕಲ್ಸಲ್ಲಿ ಕೇಳ್ದ ತಕ್ಷಣ ಕೊಡೋ ಟ್ಯೂಬ್ ಹಚ್ಬೇಡಿ. ತುರಿಕೆ ತಣ್ಣಗಾಗುತ್ತೆ, ಗುಳ್ಳೆನೂ ಇಳಿಯುತ್ತೆ, ಆದ್ರೆ ಹುಳ ಸಾಯಲ್ಲ. ಒಳಗೇ ಸಂಸಾರ ಮಾಡ್ಕೊಂಡಿರುತ್ತೆ.”

ರಮ್ಯ ಐದು ಬಾಟಲಿ ಲೋಷನ್ ತಂದಳು. ಬಳಕೆಯಾದದ್ದು ಮೂರು. ಅವಳು, ಸತೀಶ್, ವೇದಾ ಹಚ್ಚಿಕೊಂಡರು. ಉಳಿದೆರಡನ್ನು ಗೌರಮ್ಮ ದೇವರ ಮನೆಯ ಪಕ್ಕದ ಗೂಡಿನಲ್ಲಿ ಎಣ್ಣೆ ಬಾಟಲಿಗಳ ಹಿಂದೆ ಇಟ್ಟುಬಿಟ್ಟರು.

“ಅತ್ತೆ, ಡಾಕ್ಟ್ರು ಎಲ್ರೂ ಹಚ್ಲೇಬೇಕು ಅಂದಿದಾರೆ.”

“ನಮ್ಗೇನಾಗೈತೆ? ಕಜ್ಜಿ ಇರೋರು ಅಚ್ಕತಾರೆ. ಅಲ್ಲಾ, ನಿಮ್ ಮಾವನ್ಗೆ ನೀನು ‘ಬಟ್ಟೆ ಬಿಚ್ಚಿ ಮೈಗೆಲ್ಲಾ ಅಚ್ಕೊಳಿ’ ಅಂತ ಎಂಗವ್ವಾ ಏಳ್ತೀಯ? ನಾಚ್ಕೆ ಆಗಲ್ವಾ?”

ನಾಚಿಕೆ ಆಗುತ್ತಿತ್ತು. ಅದೇ ಕಷ್ಟ. ಮದುವೆಯಾಗಿ ಎಂಟು ವರ್ಷವಾದರೂ ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ ರಮ್ಯ. ಗಂಡನಿಗೆ ಹೇಳಿದಳು. “ಅಪ್ಪಂಗೆ ಎಲ್ಲಿದೆ ತುರಿಕೆ? ಸುಮ್ನೆ ಯಾಕೆ ಅವ್ರನ್ನ ಎಳಿತೀಯ?” ಎಂದು ಅವನು ಅಂಗಡಿಗೆ ಹೊರಟ.

ಗುಳ್ಳೆ ಒಣಗಿ ವೇದಾ ಶಾಲೆಗೆ ಹೋದಳು. ಎರಡು ವಾರಕ್ಕೆ ಮತ್ತೆ ಬೆರಳ ಸಂದಿ ಕೆಂಪಾಯಿತು. ಶಾಲೆಯವರು ಮನೆಗೆ ಕಳಿಸಿದರು. ಮತ್ತೆ ಮೂವರೇ ಹಚ್ಚಿದರು, ಮತ್ತೆ ವಾಸಿಯಾಯಿತು, ಮತ್ತೆ ಬಂತು. ಈ ಸಲ ಹೆಡ್‌ಮಿಸ್ ರಮ್ಯಳನ್ನು ಕರೆಸಿ, ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದರು. “ಇನ್ನೊಂದ್ಸಲ ಹೀಗಾದ್ರೆ ಬೇರೆ ಪೇರೆಂಟ್ಸ್ ಸುಮ್ನಿರಲ್ಲ ಕಣ್ರೀ. ಪೂರ್ತಿ ವಾಸಿ ಆಯ್ತು ಅಂತ ಡಾಕ್ಟರ್ ಚೀಟಿ ತನ್ನಿ. ಇಲ್ಲಾಂದ್ರೆ ಈ ವರ್ಷ ಮಗು ಮನೇಲೇ ಇರ್ಲಿ, ಮುಂದಿನ ವರ್ಷ ಒಂದನೇ ಕ್ಲಾಸಿಗೆ ಮತ್ತೆ ಸೇರಿಸಿ.”

ವೇದಾ ದಾರಿಯುದ್ದಕ್ಕೂ ಅಮ್ಮನ ಕೈ ಹಿಡಿಯಲಿಲ್ಲ. “ನನ್ನ ಪಕ್ಕ ಯಾರೂ ಕೂರಲ್ಲಮ್ಮ. ನನ್ನ ಪೆನ್ಸಿಲ್ಲೂ ಯಾರೂ ಮುಟ್ಟಲ್ಲ,” ಎಂದಳು. ರಮ್ಯ ರಸ್ತೆಯಲ್ಲೇ ಅವಳನ್ನು ಎತ್ತಿಕೊಂಡಳು. ಆರು ವರ್ಷದ ಮಗು ಭಾರವಾಗಿತ್ತು, ಆದರೂ ಮನೆಯವರೆಗೆ ಇಳಿಸಲಿಲ್ಲ.

ಅವತ್ತು ಸಂಜೆ ಗೌರಮ್ಮ ಹೊಸ ಕಾರಣ ಕಂಡುಹಿಡಿದರು. ಈ ಮನೆಗೆ ಪಾಯ ತೆಗೆಯುವಾಗ ಮೂಲೆಯಲ್ಲಿದ್ದ ಹುತ್ತ ಒಡೆದಿದ್ದರಂತೆ. “ನಾಗದೋಸ. ಇಲ್ದಿದ್ರೆ ಇಂಗೆ ಬಿಡ್ದಂಗೆ ಕಾಡಲ್ಲ. ಶನಿವಾರ ಘಾಟಿಗೋಗಿ ಪೂಜೆ ಮಾಡಿಸ್ಕಂಡು ಬತ್ತೀವಿ.” ಹುತ್ತ ಒಡೆದು ಹದಿನೈದು ವರ್ಷವಾಗಿತ್ತು. ನಾಗಪ್ಪ ಅಷ್ಟು ವರ್ಷ ಸುಮ್ಮನಿದ್ದು ಈಗ ಒಂದನೇ ಕ್ಲಾಸಿನ ಹುಡುಗಿಯ ಬೆರಳ ಸಂದಿಗೆ ಯಾಕೆ ಬಂದ ಎಂದು ಕೇಳುವಷ್ಟು ಧೈರ್ಯ ರಮ್ಯಳಿಗಿರಲಿಲ್ಲ.

ಶನಿವಾರ ಅತ್ತೆ ಮಾವ ಬೆಳಿಗ್ಗೆಯೇ ಹೊರಟರು. ರಮ್ಯ ಹಾಸಿಗೆ ಬಟ್ಟೆಗಳನ್ನೆಲ್ಲಾ ಮತ್ತೊಮ್ಮೆ ಬಿಸಿನೀರಿಗೆ ಹಾಕಿದಳು. ಉಳಿದದ್ದು ಮಾವನ ಕಂಬಳಿ ಒಂದೇ.

ಅದನ್ನು ಯಾರೂ ಒಗೆಯುವಂತಿರಲಿಲ್ಲ. ಪಿಳ್ಳಪ್ಪನವರ ತಂದೆಯ ಕಾಲದ ಕರಿ ಕಂಬಳಿ. ಮನೆಯ ಶುಭಕಾರ್ಯಕ್ಕೆ ಕಳಶ ಕೂರಿಸುವುದು ಅದರ ಮೇಲೆ. ಹಳೇ ಊರಿನ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಹೆಸರಿಡುವ ದಿನ ಅದನ್ನು ಹಾಸಿ, ಪಿಳ್ಳಪ್ಪನವರನ್ನು ಕೂರಿಸಿ, ಕೂಸನ್ನು ಮೊದಲು ಅವರ ಮಡಿಲಿಗೆ ಹಾಕುತ್ತಿದ್ದರು. ಅವರ ಕೈಗುಣ ಒಳ್ಳೆಯದೆಂದು ಹೆಸರು. ಉಳಿದ ದಿನ ಅವರು ಅದನ್ನೇ ಹೊದೆಯುತ್ತಿದ್ದರು. ಸಂಜೆ ವೇದಾ ಅದರೊಳಗೆ ನುಸುಳಿ ತಾತನ ಪಕ್ಕ ಮಲಗಿ, ಬಾಗಲಗುಂಟೆ ರಾಗಿಹೊಲವಾಗಿದ್ದ ಕಾಲದ ನರಿಗಳ ಕಥೆ ಕೇಳುತ್ತಿದ್ದಳು.

ಒಗೆಯುವುದು ಬೇಡ, ಬಿಸಿಲಿಗಾದರೂ ಹಾಕೋಣ ಎಂದು ರಮ್ಯ ಕಂಬಳಿ ಎಳೆದಳು. ಅದರ ಜೊತೆ ಹಾಸಿಗೆಯ ತಲೆಭಾಗ ಸರಿದು, ಕೆಳಗೆ ಸುತ್ತಿಟ್ಟಿದ್ದ ಪೇಪರ್ ಪೊಟ್ಟಣ ಕಾಣಿಸಿತು. ಬಿಚ್ಚಿದಳು. ಒಳಗೆ ಹನ್ನೊಂದು ಮುಲಾಮಿನ ಟ್ಯೂಬುಗಳು, ಕೊನೆಯ ಹನಿಯವರೆಗೂ ಹಿಂಡಿ, ಬುಡದಿಂದ ಬಿಗಿಯಾಗಿ ಸುರುಳಿ ಸುತ್ತಿದ್ದವು. ಡಾಕ್ಟರ್ ಬೇಡವೆಂದಿದ್ದ ಮುಲಾಮು.

ಅವಳು ಮಂಚದ ಮೇಲೆ ಕೂತುಬಿಟ್ಟಳು. ಮಾವನ ಮಂಚದ ಮೇಲೆ ಕೂತದ್ದು ಅದೇ ಮೊದಲು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ಮೆಡಿಕಲ್ಸಿಗೆ ಹೋದಳು.

“ಅಶ್ವತ್ಥ್, ಈ ಟ್ಯೂಬು ನಮ್ಮ ಮಾವ ಯಾವಾಗಿಂದ ತಗೊಂಡು ಹೋಗ್ತಿದಾರೆ?”

“ಯುಗಾದಿ ಆದ್ಮೇಲಿಂದ ಅಕ್ಕ. ಯಾಕೆ, ಸ್ಟಾಕ್ ಖಾಲಿ ಆಯ್ತಾ? ಎರಡು ಕೊಡ್ಲಾ?”

ಯುಗಾದಿ. ಅವಳು ತವರಿಗೆ ಹೋದದ್ದು ಮೇ ತಿಂಗಳಲ್ಲಿ.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ಘಾಟಿಯ ಪ್ರಸಾದ ಹಂಚಿಯಾಗಿತ್ತು. ಗೌರಮ್ಮ ಹೇಳುತ್ತಿದ್ದರು: “ಪೂಜಾರಪ್ಪ ಏಳ್ದ, ಒಂದ್ ಮಂಡ್ಲ ಅಮ್ಮ ಮಗ್ಳು ಬ್ಯಾರೆ ಜಾಗ್ದಲ್ಲಿ ಇದ್ರೆ ಒಳ್ಳೇದಂತೆ. ಎಸರುಘಟ್ಟಕ್ಕೆ ಕಳಿಸ್ಬುಡು ಸತೀಸಾ. ಅಲ್ಲಿಂದ ಬಂದಿದ್ದು ಅಲ್ಲೇ ಓಗ್ಲಿ.”

“ಸ್ಕೂಲು?” ಎಂದಳು ರಮ್ಯ.

“ಮದ್ಲು ಮೈ ನೆಟ್ಗಾಗ್ಲಿ. ಸ್ಕೂಲೆಲ್ಲೋಯ್ತದೆ?”

ರಮ್ಯ ಒಳಗೆ ಹೋಗಿ ಪೊಟ್ಟಣ ತಂದು ಮಾವನ ತಟ್ಟೆಯ ಪಕ್ಕ ಇಟ್ಟಳು. ಪಿಳ್ಳಪ್ಪ ಅದನ್ನು ನೋಡಿದರು, ಬಿಚ್ಚಲಿಲ್ಲ. ಬಿಚ್ಚಿದವನು ಸತೀಶ್.

“ಏನಿದು? ಯಾರ್ದಿದು?”

“ನಂದು,” ಎಂದು ಗೌರಮ್ಮ ಕೈ ಚಾಚಿದರು. “ನಂದು ಕಣ್ಲಾ. ಮಂಡಿನೋವಿಗೆ.”

“ಇದು ಮಂಡಿನೋವಿಂದಲ್ಲ ಅತ್ತೆ. ಅಂಗಡೀಲಿ ಕೇಳ್ಕೊಂಡೇ ಬಂದಿದೀನಿ. ಮಾವ ಯುಗಾದಿಯಿಂದ ಹಚ್ತಿದಾರೆ.”

“ರಮ್ಯ, ಊಟದ ಹೊತ್ತಲ್ಲಿ ಬೇಡ,” ಎಂದ ಸತೀಶ್.

“ಯಾವ ಹೊತ್ತಲ್ಲಿ ರೀ? ನನಗೆ ಬೇರೆ ತಟ್ಟೆ ಇಟ್ಟಾಗ ಯಾವ ಹೊತ್ತಾಗಿತ್ತು? ಮಗೂನ ಕ್ಲಾಸಿಂದ ಹೊರಗೆ ನಿಲ್ಲಿಸಿದಾರೆ. ಈ ಮನೇಲಿ ಎರಡು ತಿಂಗಳಿಂದ ನಾನು ಕಜ್ಜಿಯೋಳು. ಎಲ್ಲಾ ಗೊತ್ತಿದ್ದೂ ಇವ್ರಿಬ್ರೂ ಸುಮ್ನಿದ್ರು!”

ಅವಳ ದನಿ ಅಷ್ಟು ಏರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. ಮೇಲಿನ ಮಹಡಿಯ ಟಿವಿ ಸದ್ದು ನಿಂತಿತು. ವೇದಾ ತಟ್ಟೆ ಬಿಟ್ಟು ಅಜ್ಜಿಯ ಹಿಂದೆ ಸರಿದಳು.

ಪಿಳ್ಳಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಈ ಕೈಲಿ ಊರಿನ ಕೂಸ್ಗಳ್ನೆಲ್ಲಾ ಎತ್ಕಂಡಿದೀನಿ ಕಣವ್ವಾ. ಇಂಗಾದ ಮ್ಯಾಲೆ ಒಂದ್ ನಾಮಕರಣಕ್ಕೂ ಓಗಿಲ್ಲ. ಕಾಲ್ನೋವು ಅಂತ ಏಳ್ಬುಟ್ಟು ಮನೇಲೇ ಕುಂತಿದೀನಿ. ಮುಲಾಮು ಅಚ್ದಾಗ ನವೆ ನಿಂತೋಯ್ತಿತ್ತು. ವಾಸಿ ಆಯ್ತದೆ, ವಾಸಿ ಆಯ್ತದೆ ಅಂತಾನೇ…”

ಊರಿನ ಕೂಸುಗಳಿಗೆ ತಾಗಬಾರದೆಂದು ದೂರವಿದ್ದವರು ಮನೆಯ ಕೂಸನ್ನು ಕಂಬಳಿಯೊಳಗೆ ಕರೆದುಕೊಂಡಿದ್ದರು. ತುರಿಕೆ ನಿಂತ ದಿನ ರೋಗವೂ ಹೋಯಿತೆಂದು ನಿಜವಾಗಿ ನಂಬಿದ್ದರೋ, ನಂಬಲು ಇಷ್ಟವಿತ್ತೋ, ದೇವರೇ ಬಲ್ಲ. ರಮ್ಯಳಿಗೆ ಅಯ್ಯೋ ಎನಿಸಿತು. ಅಯ್ಯೋ ಎನಿಸಿದ್ದಕ್ಕೆ ತನ್ನ ಮೇಲೆಯೇ ರೇಗಿತು.

ವ್ಯವಹಾರ ಮುಗಿಸಿದವರು ಗೌರಮ್ಮ. ಟ್ಯೂಬುಗಳನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತಾ, ದನಿ ತಗ್ಗಿಸಿ ಹೇಳಿದರು: “ಅವ್ರು ಅಚ್ಕತಾರೆ, ನಾನೂ ಅಚ್ಕತೀನಿ. ಕಂಬ್ಳೀನೂ ಏನಾರ ಮಾಡ್ಕೊ. ಆದ್ರೆ ಈ ಮಾತು ಒಸ್ಲು ದಾಟ್ಬಾರ್ದು. ಕೇಳ್ದೋರ್ಗೆ ನಿನ್ ತವರಿಂದ ಬಂತು ಅಂತ ಏಳಿದೀವಲ್ಲ, ಅದು ಅಂಗೇ ಇರ್ಲಿ. ನೀನು ಚಿಕ್ಕೋಳು, ನಾಕು ದಿನಕ್ಕೆ ಮರ್ತೋಯ್ತಾರೆ. ಅವ್ರ ಮರ್ವಾದೆ ಓದ್ರೆ ಬತ್ತದಾ?”

ರಮ್ಯ ಗಂಡನ ಮುಖ ನೋಡಿದಳು. “ಮೊಸರು ಇದ್ಯಾ?” ಎಂದ ಅವನು.

ಅವಳು ವೇದಾಳ ಬೆರಳುಗಳನ್ನು ನೋಡಿದಳು. “ಆಯ್ತು,” ಎಂದಳು. ಏನನ್ನು ಕೊಟ್ಟುಬಿಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದೇ ಹೇಳಿದಳು.

ಭಾನುವಾರ ಐದೂ ಜನ ಹಚ್ಚಿಕೊಂಡರು. ಮಾವನಿಗೆ ಸತೀಶ್ ಹಚ್ಚಿದ. ಅತ್ತೆಯ ಬೆನ್ನಿಗೆ ರಮ್ಯಳೇ ಹಚ್ಚಬೇಕಾಯಿತು. ಬಾಗಿಲು ಹಾಕಿ ಗೌರಮ್ಮ ರವಿಕೆ ಬಿಚ್ಚಿ ಗೋಡೆಯ ಕಡೆ ತಿರುಗಿ ನಿಂತರು. ಸೀರೆ ಕಟ್ಟುವ ಜಾಗದ ಸುತ್ತಲೂ ಗೀರಿ ಗೀರಿ ಕಪ್ಪಾದ ಚರ್ಮ, ಹಳೆಯ ಗಾಯ, ಹೊಸ ಗಾಯ. ಇಷ್ಟು ತಿಂಗಳು ಈ ಹೆಂಗಸು ಎಲ್ಲರೆದುರು ಕೈ ಕಟ್ಟಿಕೊಂಡೇ ಕೂತಿರುತ್ತಿದ್ದರು.

“ಉರೀತಿದ್ಯಾ ಅತ್ತೆ?”

“ಅಚ್ಚು, ಅಚ್ಚು. ಬೇಗ ಮುಗ್ಸು.” ಆಮೇಲೆ ಅವರೇ ಹೇಳಿದರು: “ನಿನ್ ಕೈ ತಣ್ಗೈತೆ.” ಆ ಮನೆಯಲ್ಲಿ ಎಂಟು ವರ್ಷದಲ್ಲಿ ಅವಳ ಕೈಯ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು.

ಕಂಬಳಿಯನ್ನು ಕಸದ ದೊಡ್ಡ ಕವರಿನೊಳಗೆ ತುರುಕಿ, ಬಾಯಿ ಬಿಗಿದು, ಹದಿನೈದು ದಿನ ಅಟ್ಟಕ್ಕೆ ಹಾಕಿದರು. ವಾರ ಬಿಟ್ಟು ಮತ್ತೆ ಎಲ್ಲರೂ ಹಚ್ಚಿಕೊಂಡರು. ನವೆ ಒಂದೇ ದಿನಕ್ಕೆ ನಿಲ್ಲಲಿಲ್ಲ. ನಿಧಾನವಾಗಿ ರಾತ್ರಿಯ ಕೆರೆತ ಕಡಿಮೆಯಾಯಿತು, ಜನ ನಿದ್ದೆ ಮಾಡಿದರು. ಡಾಕ್ಟರ್ ಚೀಟಿ ಬರೆದುಕೊಟ್ಟರು. ವೇದಾ ಶಾಲೆಗೆ ಹೋದಳು. ಮೂರು ವಾರ ಕಳೆಯಿತು, ನಾಲ್ಕು ಕಳೆಯಿತು, ಶಾಲೆಯಿಂದ ಯಾವ ಫೋನೂ ಬರಲಿಲ್ಲ. ಬದನೆಕಾಯಿ ಎಣ್ಣೆಗಾಯಿಯಾಗಿ ಮನೆಗೆ ಮರಳಿತು. ಬೇರೆ ತಟ್ಟೆ ಮಾತ್ರ ಹಾಗೇ ಉಳಿಯಿತು. ಯಾರೂ ತೆಗೆಯಿರಿ ಎನ್ನಲಿಲ್ಲ, ರಮ್ಯಳೂ ಕೇಳಲಿಲ್ಲ.

ಚಿಕ್ಕಬಾಣಾವರದಿಂದ ಗೌರಮ್ಮನ ನಾದಿನಿ ಮಾರಮ್ಮ ಬಂದರು. ರಮ್ಯ ಕಾಫಿ ಹಿಡಿದುಕೊಂಡು ಬರುವಾಗ ಗೌರಮ್ಮನ ಮಾತು ಕೇಳಿಸಿತು. “ಸೊಸೆ ತವರಿಂದ ಅಂಟುಸ್ಕಂಡು ಬಂದಿದ್ಲು ಕಣವ್ವಾ. ನಮ್ ಯಜಮಾನ್ರು ದುಡ್ ಸುರ್ದು ವಾಸಿ ಮಾಡಿಸಿದ್ರು.”

ಮಾರಮ್ಮ ಲೋಟ ನೋಡಿದರು, ರಮ್ಯಳ ಕೈ ನೋಡಿದರು. “ಬ್ಯಾಡ ಮಗಾ, ಈಗ್ತಾನೆ ಕುಡ್ದು ಬಂದೆ.”

ಪಿಳ್ಳಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಕೈ ನೀಡಿ ಆ ಲೋಟವನ್ನು ತಾವು ತೆಗೆದುಕೊಂಡು ಕುಡಿದರು. ಹೆಂಡತಿಯ ಮಾತನ್ನು ಮಾತ್ರ ತಿದ್ದಲಿಲ್ಲ.

ಚಿಕ್ಕಬಾಣಾವರಕ್ಕೂ ಹೆಸರಘಟ್ಟಕ್ಕೂ ಎಷ್ಟು ದೂರ? ಮಾತು ಬಸ್ಸಿಗಿಂತ ಬೇಗ ಮುಟ್ಟಿತು. ನಾಲ್ಕನೇ ದಿನ, ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವಾಗ ರಮ್ಯಳ ತಾಯಿಯ ಫೋನು ಬಂತು. ತಮ್ಮ ಗೋಪಿಯ ಹೆಂಡತಿ ಮೋನಿಕಾಗೆ ಏಳು ತಿಂಗಳು, ಭಾನುವಾರ ಸೀಮಂತ. ಹಸಿರು ಬಳೆ ತಾನೇ ತರುತ್ತೇನೆಂದು ರಮ್ಯ ಹೇಳಿಟ್ಟಿದ್ದಳು.

“ರಮ್ಯಾ, ಭಾನುವಾರ ನೀನು ಬರೋದು ಬೇಡ ಕಣೆ.”

“ಯಾಕಮ್ಮಾ?”

“ಮೋನಿಕಾ ಬೇಡ ಅಂತಾಳೆ. ನಮ್ಮನೆಯಿಂದ ಕಜ್ಜಿ ಬಂತು ಅಂತ ನಿಮ್ಮೋರು ಊರೆಲ್ಲಾ ಹೇಳವ್ರಂತೆ. ಅವಳ ತವರೋರು, ‘ಅಂಥಾ ಮನೇಲಿ ಬಾಣಂತನ ಹೆಂಗೆ’ ಅಂತ ಅವಳನ್ನ ಈಗ್ಲೇ ಕರ್ಕೊಂಡು ಹೋಗ್ತೀವಿ ಅಂತ ಕೂತವ್ರೆ. ಗೋಪಿ ಊಟ ಬಿಟ್ಟವ್ನೆ. ನೀನೇ ಹೇಳವ್ವಾ. ನಮ್ಮನೇಲಿ ಯಾರಿಗಿತ್ತೇ ಕಜ್ಜಿ?”

ನಡುಮನೆಯಲ್ಲಿ ಎಲ್ಲರೂ ಇದ್ದರು. ಗೌರಮ್ಮ ಉಪ್ಪಿನಕಾಯಿ ಭರಣಿ ಹಿಡಿದು ಅವಳನ್ನೇ ನೋಡುತ್ತಿದ್ದರು. ಊಟಕ್ಕೆ ಬಂದಿದ್ದ ಸತೀಶ್ ಮೊಬೈಲ್ ನೋಡುತ್ತಿದ್ದ. ಪಿಳ್ಳಪ್ಪ ಕೈ ತೊಳೆದು ಬಂದು ಕೂತಿದ್ದರು. ಆ ಕೈ ಈಗ ಶುದ್ಧವಾಗಿತ್ತು, ಒಂದು ಗೀರೂ ಇರಲಿಲ್ಲ. ಮುಂದಿನ ವಾರ ಹಳೇ ಊರಿನಲ್ಲಿ ಒಂದು ನಾಮಕರಣಕ್ಕೆ ಒಪ್ಪಿಕೊಂಡಿದ್ದರು. ಕಂಬಳಿ ಅಟ್ಟದಿಂದ ಇಳಿದು ಮಂಚದ ಮೇಲೆ ಮಡಿಚಿಟ್ಟಿತ್ತು.

ರಮ್ಯ ತನ್ನ ಹೆಸರು ಕೊಟ್ಟಿದ್ದಳು. ತಾಯಿಯ ಮನೆಯನ್ನು ಕೊಡಲು ಅವಳು ಯಾರು?

“ಒಂದ್ನಿಮಿಷ ಅಮ್ಮ,” ಎಂದು ಫೋನನ್ನು ಸ್ಪೀಕರಿಗೆ ಹಾಕಿ, ಮಾವನ ಬಲಗೈ ಬಿಡಿಸಿ ಅಂಗೈಯ ಮೇಲೆ ಇಟ್ಟಳು. “ನನ್ನಮ್ಮ ಏನೋ ಕೇಳ್ತಿದಾರೆ. ನೀವೇ ಹೇಳಿ ಮಾವ.”

“ಹಲೋ? ರಮ್ಯಾ?” ಎಂದಿತು ಫೋನು.

ಪಿಳ್ಳಪ್ಪ ಹೆಂಡತಿಯ ಕಡೆ ನೋಡಿದರು. “ಬೀಗ್ತಿಯವ್ರೇ, ನಾನು ಪಿಳ್ಳಪ್ಪ. ಊಟ ಆಯ್ತಾ?”

“ಇಲ್ಲ ಅಣ್ಣಾ. ಈ ಮನೇಲಿ ಮೂರು ದಿನದಿಂದ ಯಾರೂ ನೆಟ್ಗೆ ಉಂಡಿಲ್ಲ.”

ಗೌರಮ್ಮ ಭರಣಿ ಇಟ್ಟು ಫೋನಿಗೆ ಕೈ ಹಾಕಿದರು. ರಮ್ಯ ಅವರ ಮಣಿಕಟ್ಟು ಹಿಡಿದಳು. ಜೋರಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ.

“ಅಣ್ಣಾ, ನಮ್ಮನೆಯಿಂದ್ಲಾ ಬಂದಿದ್ದು? ನೀವು ದೊಡ್ಡೋರು, ನೀವೇ ಹೇಳ್ಬುಡಿ.”

ಪಿಳ್ಳಪ್ಪನವರ ಎಡಗೈ ತಾನಾಗಿ ಬಂದು ಬಲಗೈಯ ಬೆರಳ ಸಂದಿಯನ್ನು ಕೆರೆಯಿತು. ಅಲ್ಲಿ ಏನೂ ಇರಲಿಲ್ಲ.

“ಇಲ್ಲ ಕಣವ್ವಾ,” ಎಂದರು. “ನಿಮ್ಮನೆಯಿಂದ ಬಂದಿದ್ದಲ್ಲ.”

ಅಷ್ಟು ಹೇಳಿ, ಮುಗಿಯಿತೆಂಬಂತೆ ಫೋನನ್ನು ಸೊಸೆಯ ಕಡೆ ಚಾಚಿದರು. ರಮ್ಯ ತೆಗೆದುಕೊಳ್ಳಲಿಲ್ಲ.

“ಅರ್ಧ ಆಯ್ತು ಮಾವ,” ಎಂದಳು. “ಇನ್ನರ್ಧಾನೂ ನೀವೇ ಹೇಳಿ.”